ಕಡಮತ್ತಿನ ಮರಳು, ಕುಂಬಳೆಯ ಗಾಜು

ಕುಂಬಳೆಯಲ್ಲಿ ಹೆದ್ದಾರಿಯಿಂದ ಪಡುವಣಕ್ಕೆ ಇಳಿಯುವ ಓಣಿಯೊಂದರ ಕೊನೆಯ ಮನೆಯಲ್ಲಿ, ಪಡಸಾಲೆಯ ಉತ್ತರದ ಗೋಡೆಗೆ ಒತ್ತಿಕೊಂಡಂತೆ ಒಂದು ಗಾಜಿನ ತೊಟ್ಟಿಯಿದೆ. ಮೂರು ಅಡಿ ಉದ್ದ. ಅಗಲ ಮತ್ತು ಎತ್ತರ ಒಂದೂವರೆ ಅಡಿ. ಅದರಲ್ಲಿ ಸುಮಾರು 180 ಲೀಟರ್ ಉಪ್ಪುನೀರು, ನಾಲ್ಕು ಬೆರಳು ದಪ್ಪದ ಬಿಳಿಯ ಮರಳಿನ ಹಾಸು, ಬೂದು ಬಣ್ಣದ ಕೆಲವು ಕಲ್ಲುಗಳು. ಇಷ್ಟೆಲ್ಲದರ ನಡುವೆ ಒಂದೇ ಒಂದು ಮೀನು; ಅದೂ ತೋರುಬೆರಳಿಗಿಂತ ಉದ್ದವಿಲ್ಲ. ಮನೆಗೆ ಬಂದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಇದನ್ನು ತಿನ್ನಬಹುದೆ ಎಂಬುದು ಮೊದಲನೆಯದು. ಅದಕ್ಕೆ ಯಜಮಾನರು ನಗುತ್ತಾರೆ. ಇಷ್ಟು ದೊಡ್ಡ ತೊಟ್ಟಿಯಲ್ಲಿ ಇದೊಂದೇ ಮೀನೇಕೆ ಎಂಬುದು ಎರಡನೆಯದು. ಅದಕ್ಕೆ ಅವರು ಉತ್ತರಿಸುವುದಿಲ್ಲ. ಚಹಾ ಬಂತೆಂದು ಮಾತು ತಿರುಗಿಸುತ್ತಾರೆ.

ಉತ್ತರ ಬೇಕಾದವರು ಕುಂಬಳೆಯಿಂದ ನೈಋತ್ಯಕ್ಕೆ, ಹೆಚ್ಚುಕಡಿಮೆ ಮುನ್ನೂರು ಕಿಲೋಮೀಟರು ಕಡಲಿನಾಚೆ, ಲಕ್ಷದ್ವೀಪದ ಕಡಮತ್ ಎಂಬ ದ್ವೀಪದ ಮರಳಿನವರೆಗೆ ಹೋಗಬೇಕಾಗುತ್ತದೆ. ಯಜಮಾನರೂ ಹೋಗಿ ಬಂದರು. ಆ ಪ್ರಯಾಣಕ್ಕೆ ಮುಂಚೆ ಮೀನಿನ ಪರಿಚಯವಾಗುವುದು ಒಳ್ಳೆಯದು.

ಗೋಬಿ ಎಂದೊಡನೆ ಸಂಜೆಯ ತಳ್ಳುಗಾಡಿಯ ಮಂಚೂರಿ ನೆನಪಾಗುವ ಕಾಲವಿದು. ಇದು ಆ ಗೋಬಿಯಲ್ಲ. ಕಡಲು, ಅಳಿವೆ, ಹೊಳೆ ಮೂರರಲ್ಲಿಯೂ ನೆಲಕ್ಕೆ ಅಂಟಿಕೊಂಡೇ ಬದುಕುವ ಒಂದು ದೊಡ್ಡ ಮೀನಿನ ಬಳಗದ ಹೆಸರು ಅದು. ಜಗತ್ತಿನಲ್ಲಿ ಆ ಬಳಗದ ಎರಡು ಸಾವಿರದಷ್ಟು ಜಾತಿಗಳನ್ನು ಗುರುತಿಸಿದ್ದಾರೆ. ನಮ್ಮ ಹೊಳೆಗಳ ಅಳಿವೆಯಲ್ಲಿ ನೀರಿಳಿದಾಗ ಕಾಂಡ್ಲಾ ಗಿಡಗಳ ಬುಡದ ಕೆಸರಿನ ಮೇಲೆ, ನೆತ್ತಿಯಲ್ಲಿ ಕಣ್ಣಿಟ್ಟುಕೊಂಡು ಕುಪ್ಪಳಿಸುವ ವಿಚಿತ್ರ ಮೀನನ್ನು ಕಂಡವರು ಈ ಬಳಗದ ಒಂದು ಕವಲನ್ನು ಕಂಡಂತೆಯೇ. ಹೊಟ್ಟೆಯಡಿಯ ಎರಡು ರೆಕ್ಕೆಗಳು ಅನೇಕ ಗೋಬಿಗಳಲ್ಲಿ ಕೂಡಿಕೊಂಡು ಒಂದು ಸಣ್ಣ ಬಟ್ಟಲಿನಂತಾಗಿವೆ. ಅದರ ಬಲದಿಂದ ಅವು ಕಲ್ಲಿಗೆ ಅಂಟಿ ಕೂರುತ್ತವೆ. ಹಲವಕ್ಕೆ ಮೀನಿಗೆ ಸಹಜವಾದ ಗಾಳಿಚೀಲವೂ ಇಲ್ಲ. ಈಜುವುದನ್ನು ನಿಲ್ಲಿಸಿದರೆ ಅವು ನೆಲಕ್ಕೆ ಇಳಿಯುತ್ತವೆ. ಮೀನಾಗಿಯೂ ನೆಲದ ಋಣ ಬಿಡದ ಜೀವಿಗಳು.

ಕುಂಬಳೆಯ ತೊಟ್ಟಿಯಲ್ಲಿರುವುದು ಬಿಳಿಯ ಮೈಮೇಲೆ ಕೆಂಗಂದು ಪಟ್ಟೆಗಳುಳ್ಳ, ಕಾವಲುಗಾರ ಗೋಬಿಗಳ ಗುಂಪಿಗೆ ಸೇರಿದ ಒಂದು ಜಾತಿ. ಹಿಂದೂ ಮಹಾಸಾಗರದಿಂದ ಶಾಂತಸಾಗರದವರೆಗೆ ಹವಳದ ದಿಬ್ಬಗಳ ಅಂಚಿನ ಮರಳಿನಲ್ಲಿ ನೂರಕ್ಕೂ ಹೆಚ್ಚು ಜಾತಿಯ ಗೋಬಿಗಳು ಸೀಗಡಿಯೊಂದಿಗೆ ಒಂದೇ ಬಿಲದಲ್ಲಿ ಸಂಸಾರ ಹೂಡುತ್ತವೆ. ಬಿಲ ತೋಡುವುದು ಸೀಗಡಿಯ ಕೆಲಸ. ಹಗಲೆಲ್ಲ ಅದು ತನ್ನ ಚಿಮಟಗಳನ್ನು ಸಲಿಕೆಯಂತೆ ಮುಂದೊಡ್ಡಿ ಮರಳನ್ನು ಹೊರಗೆ ದಬ್ಬುತ್ತದೆ. ಚಾವಣಿ ಕುಸಿಯದಂತೆ ಹವಳದ ಚೂರು, ಚಿಪ್ಪಿನ ತುಂಡುಗಳನ್ನು ಒಪ್ಪವಾಗಿ ಜೋಡಿಸುತ್ತದೆ. ಆದರೆ ಅದರ ಕಣ್ಣು ಬಹಳ ಮಂದ. ಬಿಲದ ಬಾಯಲ್ಲಿ ಕುಳಿತು ನೋಡುವುದು ಗೋಬಿಯ ಕೆಲಸ. ಹೊರಗೆ ಬಂದಾಗಲೆಲ್ಲ ಸೀಗಡಿ ತನ್ನ ಉದ್ದ ಮೀಸೆಯ ತುದಿಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಅಪಾಯದ ನೆರಳು ಸುಳಿದರೆ ಗೋಬಿ ಬಾಲವನ್ನು ಸಣ್ಣಗೆ ಕಂಪಿಸುತ್ತದೆ. ಸೀಗಡಿ ಒಳಗೆ ಸರಿಯುತ್ತದೆ. ಅಪಾಯ ದೊಡ್ಡದಾದರೆ ಗೋಬಿಯೂ ತಲೆಕೆಳಗಾಗಿ ಬಿಲದೊಳಕ್ಕೆ ಜಿಗಿಯುತ್ತದೆ. ಇರುಳಿನಲ್ಲಿ ಇಬ್ಬರೂ ಒಳಗಿರುತ್ತಾರೆ. ಗೋಬಿಯ ಮೊಟ್ಟೆಗಳೂ ಆ ಬಿಲದ ಒಳಗೋಡೆಯ ಆಶ್ರಯದಲ್ಲಿಯೇ ಒಡೆಯುತ್ತವೆ.

ವಕೀಲಿ ವೃತ್ತಿಯ ಕಣ್ಣಿಗೆ ಇದು ಕರಾರುಪತ್ರವಿಲ್ಲದ ಪಾಲುದಾರಿಕೆ. ಒಬ್ಬನ ದುಡಿಮೆ, ಇನ್ನೊಬ್ಬನ ದೃಷ್ಟಿ, ಬಂಡವಾಳ ಮರಳು. 1932ರ ಪಾಲುದಾರಿಕೆ ಅಧಿನಿಯಮದ 42ನೆಯ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದಲ್ಲಿ ಪಾಲುದಾರನೊಬ್ಬನ ಮರಣದಿಂದ ಪಾಲುದಾರಿಕೆ ವಿಸರ್ಜನೆಯಾಗುತ್ತದೆ. ಕುಂಬಳೆಯ ತೊಟ್ಟಿಯಲ್ಲಿ ನಡೆದದ್ದು ಅದೇ. ಅದು ನಡೆದ ಬಗೆಯನ್ನು ಹೇಳಬೇಕಾದರೆ ತೊಟ್ಟಿ ಕಟ್ಟಿದ ಬಗೆಯನ್ನೂ ಹೇಳಬೇಕಾಗುತ್ತದೆ.

ಯಜಮಾನರು ಕೊಲ್ಲಿಯಲ್ಲಿ ಹಲವು ವರ್ಷ ದುಡಿದು ಮರಳಿದವರು. ಉಪ್ಪುನೀರಿನ ತೊಟ್ಟಿಯ ಹುಚ್ಚು ಅಲ್ಲಿಯೇ, ಕೆಲಸದ ಮನೆಯ ಅಂಗಳದಲ್ಲಿ ಅಂಟಿದ್ದು. ಊರಿಗೆ ಬಂದು ತೊಟ್ಟಿ ಮಾಡಿಸಿ, ಚೀಲದಲ್ಲಿ ಉಪ್ಪು ತರಿಸಿದಾಗ ನೆರೆಯವರು ನಕ್ಕರು. ಕೂಗಳತೆಯಲ್ಲಿ ಕಡಲಿರುವಾಗ ದುಡ್ಡು ಕೊಟ್ಟು ಕಡಲುಪ್ಪು ತರುವವನನ್ನು ಕಂಡು ಯಾರು ತಾನೆ ನಗುವುದಿಲ್ಲ? ಆದರೆ ಅವರ ಲೆಕ್ಕ ಸರಿಯಾಗಿಯೇ ಇತ್ತು. ನಮ್ಮ ಕರಾವಳಿಯ ನೀರು ಆಷಾಢದಲ್ಲಿ ಹೊಳೆಯ ಮಣ್ಣನ್ನೂ ಸಿಹಿನೀರನ್ನೂ ಹೊತ್ತು ಕಲಕಿಹೋಗುತ್ತದೆ. ಹವಳದ ನಾಡಿನ ಮೀನಿಗೆ ಅದು ಆಗದು. ಅದಕ್ಕೆ ಬೇಕಾದದ್ದು ಒಂದು ಲೀಟರಿಗೆ 35 ಗ್ರಾಮಿನಷ್ಟು ಲವಣಗಳಿರುವ, ವರ್ಷವಿಡೀ ಬದಲಾಗದ ನೀರು. 180 ಲೀಟರಿಗೆ ಆರು ಕಿಲೋಗ್ರಾಮಿಗೂ ಮಿಕ್ಕಿ ಉಪ್ಪು. ಅದು ಅಡಿಗೆಯ ಉಪ್ಪಲ್ಲ. ಸುಣ್ಣ, ಮೆಗ್ನೀಸಿಯಂ ಮೊದಲಾದವುಗಳ ಹದವಾದ ಮಿಶ್ರಣ. ನೀರು ಆವಿಯಾದಾಗ ಉಪ್ಪು ಆವಿಯಾಗುವುದಿಲ್ಲ. ಆದುದರಿಂದ ದಿನವೂ ತುಂಬಿಸುವುದು ಶುದ್ಧ ಸಿಹಿನೀರನ್ನೇ. ಈ ಒಂದು ಸಂಗತಿಯನ್ನು ಅರಿಯದೆ ಮೀನು ಕಳೆದುಕೊಂಡ ಹೊಸಬರು ಎಷ್ಟೋ ಮಂದಿ.

ಮೇ ತಿಂಗಳಲ್ಲಿ ಕುಂಬಳೆಯ ಮನೆಯೊಳಗಿನ ಬಿಸಿ 33 ಡಿಗ್ರಿಗೆ ಏರುತ್ತದೆ. ತೊಟ್ಟಿಯ ನೀರನ್ನು 26ರ ಆಸುಪಾಸಿನಲ್ಲಿ ಹಿಡಿದಿಡಲು ತಂಪುಯಂತ್ರ ಬೇಕಾಯಿತು. ವಿದ್ಯುತ್ತಿನ ಬಿಲ್ಲು ಕಂಡು ಮನೆಯಾಕೆ ಆಡಿದ ಮಾತು ಇಲ್ಲಿ ಅಗತ್ಯವಿಲ್ಲ. ಕಲ್ಲುಗಳನ್ನು ಅವರು ಸಿಮೆಂಟು, ಚಿಪ್ಪಿನ ಪುಡಿ ಬೆರೆಸಿ ತಾವೇ ಎರಕ ಹೊಯ್ದು, ಸುಣ್ಣದ ಖಾರ ಹೋಗುವವರೆಗೆ ವಾರಗಟ್ಟಲೆ ಬಾವಿಕಟ್ಟೆಯ ತೊಟ್ಟಿಯಲ್ಲಿ ನೆನೆಸಿಟ್ಟರು. ಹವಳದ ಕಲ್ಲು ಏಕೆ ತರಲಿಲ್ಲವೆಂಬುದು ಮುಂದೆ ಬರುವ ಮಾತು.

ಅನಂತರ ಆರು ವಾರ ಬರಿಯ ನೀರು, ಮರಳು, ಕಲ್ಲು. ನೋಡುವವರಿಗೆ ಅದೊಂದು ಖಾಲಿ ತೊಟ್ಟಿ. ನಿಜವಾಗಿ ಆ ಖಾಲಿಯಲ್ಲಿಯೇ ಕೆಲಸ ನಡೆಯುತ್ತಿರುತ್ತದೆ. ಮೀನಿನ ಮಲ, ಮಿಕ್ಕ ಆಹಾರಗಳಿಂದ ಹುಟ್ಟುವ ಅಮೋನಿಯ ಮೀನಿಗೆ ವಿಷ. ಅದನ್ನು ಒಂದು ಬಗೆಯ ಅಣುಜೀವಿಗಳು ನೈಟ್ರೈಟ್ ಮಾಡುತ್ತವೆ, ಮತ್ತೊಂದು ಬಗೆಯವು ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಮಾಡುತ್ತವೆ. ಕಣ್ಣಿಗೆ ಕಾಣದ ಈ ಜನ ಕಲ್ಲು ಮರಳುಗಳಲ್ಲಿ ನೆಲೆಸುವವರೆಗೆ ಮೀನನ್ನು ಬಿಡುವಂತಿಲ್ಲ. ಯಜಮಾನರು ಕಾದರು. ತಾಳ್ಮೆಯಲ್ಲಿ ಅವರನ್ನು ಯಾರೂ ತಪ್ಪು ಹಿಡಿಯಲಾರರು. ಒಂದು ಸಲದ ಹೊರತು.

ಗೋಬಿಯೂ ಸೀಗಡಿಯೂ ಕೊಚ್ಚಿಯ ಒಂದು ಅಂಗಡಿಯಿಂದ ಬೇರೆ ಬೇರೆ ಚೀಲಗಳಲ್ಲಿ ಬಂದವು. ತೊಟ್ಟಿಗಿಳಿದ ಮೂರನೆಯ ದಿನ ಒಂದನ್ನೊಂದು ಹುಡುಕಿಕೊಂಡವು. ವಾರ ಕಳೆಯುವುದರೊಳಗೆ ದೊಡ್ಡ ಕಲ್ಲಿನಡಿಯಲ್ಲಿ ಬಿಲ ಸಿದ್ಧವಾಯಿತು. ಬಿಲದ ಬಾಯಿ ಒಂದೆಡೆ ನಿಲ್ಲುತ್ತಿರಲಿಲ್ಲ. ನಿನ್ನೆ ಎಡಕ್ಕಿದ್ದದ್ದು ಇಂದು ಬಲಕ್ಕೆ. ಇರುಳಿನಲ್ಲಿ ಆಗಾಗ 'ಟಕ್' ಎಂದು ಗಾಜು ಒಡೆದಂತೆ ಸದ್ದಾಗುತ್ತಿತ್ತು. ಮೊದಲ ಸಲ ಕೇಳಿದಾಗ ಮನೆಮಂದಿಯೆಲ್ಲ ಎದ್ದು ತೊಟ್ಟಿಯ ಸುತ್ತ ಟಾರ್ಚು ಹಿಡಿದು ಬಿರುಕು ಹುಡುಕಿದರು. ಅದು ಸೀಗಡಿಯ ಚಿಮಟದ ಸದ್ದು. ಆ ಚಿಮಟ ಮುಚ್ಚುವ ವೇಗಕ್ಕೆ ನೀರಿನಲ್ಲಿ ಒಂದು ಗುಳ್ಳೆ ಹುಟ್ಟಿ, ಅದು ಕುಸಿಯುವಾಗ ಸಿಡಿಮದ್ದಿನಂಥ ಸದ್ದಾಗುತ್ತದೆಂದು 2000ದಲ್ಲಿ ವಿಜ್ಞಾನಿಗಳು ಅತಿವೇಗದ ಕ್ಯಾಮೆರಾದಿಂದ ತೋರಿಸಿದ್ದಾರೆ. ಬರಬರುತ್ತ ಆ ಸದ್ದಿಲ್ಲದೆ ಮನೆಯವರಿಗೆ ನಿದ್ದೆ ಬಾರದಂತಾಯಿತು.

ತಪ್ಪಾದದ್ದು ಎರಡನೆಯ ವರ್ಷ. ನೋಡಲು ಬಣ್ಣ ಸಾಲದೆಂದು ಎರಡು ನೀಲಿ ಡ್ಯಾಮ್ಸೆಲ್ ಮೀನುಗಳನ್ನು ತಂದು, ಬೇರೆ ಪಾತ್ರೆಯಲ್ಲಿ ಕೆಲವು ವಾರ ಇರಿಸಿ ನೋಡುವ ನಿಯಮವನ್ನು ಅದೊಂದು ಸಲ ಮೀರಿ, ನೇರವಾಗಿ ತೊಟ್ಟಿಗೆ ಬಿಟ್ಟರು. ಹತ್ತು ದಿನಕ್ಕೆ ಮೀನುಗಳ ಮೈಮೇಲೆ ರವೆ ಎರಚಿದಂತೆ ಬಿಳಿಯ ಚುಕ್ಕೆಗಳು. ಕಡಲ ಮೀನುಗಳಿಗೆ ತಗಲುವ ಒಂದು ಏಕಕೋಶ ಪರಾವಲಂಬಿಯ ರೋಗ ಅದು. ಅದಕ್ಕೆ ತಾಮ್ರದ ಔಷಧವಿದೆ. ಮೀನುಗಳನ್ನು ಬೇರೆ ಪಾತ್ರೆಗೆ ಹಾಕಿ ಅಲ್ಲಿ ಔಷಧ ಕೊಡಬೇಕು. ಮೂಲ ತೊಟ್ಟಿಯನ್ನು ಎರಡು ತಿಂಗಳಿಗೂ ಮಿಕ್ಕಿ ಮೀನಿಲ್ಲದೆ ಬಿಡಬೇಕು. ಆಗ ಆಶ್ರಯವಿಲ್ಲದೆ ಪರಾವಲಂಬಿ ಸಾಯುತ್ತದೆ. ಆದರೆ ಬಿಲದಾಳದ ಗೋಬಿಯನ್ನು ಹಿಡಿಯುವುದೆಂದರೆ ಕಲ್ಲುಗಳನ್ನೆಲ್ಲ ಕಿತ್ತು ಬಿಲವನ್ನು ಅಗೆಯಬೇಕು. ಮನಸ್ಸು ಬರಲಿಲ್ಲ. ಒಬ್ಬರು ಫೋನಿನಲ್ಲಿ, ಸ್ವಲ್ಪ ಹಾಕಿದರೆ ಏನೂ ಆಗದು ಎಂದರು. ಯಜಮಾನರು ತೊಟ್ಟಿಗೇ ತಾಮ್ರ ಹಾಕಿದರು.

ಮೀನಿಗೆ ಔಷಧವಾಗುವ ಪ್ರಮಾಣದ ತಾಮ್ರ ಸೀಗಡಿ, ಏಡಿ, ಶಂಖಗಳಿಗೆ ವಿಷ. ಅದು ಅವರಿಗೆ ತಿಳಿಯದ ಸಂಗತಿಯೂ ಆಗಿರಲಿಲ್ಲ. ಡ್ಯಾಮ್ಸೆಲ್‌ಗಳು ಹೇಗೂ ಸತ್ತವು. ಗೋಬಿ ಉಳಿಯಿತು. ಮೂರನೆಯ ರಾತ್ರಿಯಿಂದ ಸದ್ದು ನಿಂತಿತು. ವಾರದಲ್ಲಿ ಬಿಲದ ಚಾವಣಿ ಕುಸಿದು ಮರಳು ಸಮತಟ್ಟಾಯಿತು. ಅದಕ್ಕಿಂತ ಕಠಿನವಾದ ಸಂಗತಿ ಇನ್ನೊಂದಿದೆ. ಸುಣ್ಣದ ಅಂಶವಿರುವ ಮರಳೂ ಕಲ್ಲೂ ತಾಮ್ರವನ್ನು ಹೀರಿಕೊಂಡು, ಬಳಿಕ ಬಹುಕಾಲ ಸ್ವಲ್ಪ ಸ್ವಲ್ಪವಾಗಿ ನೀರಿಗೆ ಬಿಡುತ್ತವೆ. ಆ ತೊಟ್ಟಿಗೆ ಹೊಸ ಸೀಗಡಿಯನ್ನು ತಂದು ಬಿಡುವಂತಿಲ್ಲ. ತೊಟ್ಟಿಯಲ್ಲಿ ಒಂದೇ ಮೀನು ಏಕೆ ಎಂಬ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಚಹಾ ಕುಡಿಯಲು ಬಂದವರ ಮುಂದೆ ಹೇಳುವ ಉತ್ತರವಲ್ಲ.

ಮರುವರ್ಷದ ಫೆಬ್ರವರಿಯಲ್ಲಿ ಅವರು ಕಡಮತ್ತಿಗೆ ಹೊರಟರು. ತಾನು ಮೂರು ಅಡಿ ಗಾಜಿನಲ್ಲಿ ಕೆಡಿಸಿದ್ದು ನಿಜವಾಗಿ ಏನಾಗಿತ್ತೆಂದು ನೋಡಬೇಕು. ಕಾರಣ ಬೇರೆ ಇರಲಿಲ್ಲ.

ಕಾಸರಗೋಡಿನವರಿಗೆ ಆ ದ್ವೀಪಗಳು ಪರಕೀಯವಲ್ಲ, ಮರೆತುಹೋದ ನೆರೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳನ್ನು ಅಮೀನ್‌ದಿವಿ ಎಂದು ಕರೆಯುತ್ತಿದ್ದರು. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬೇಸತ್ತ ದ್ವೀಪವಾಸಿಗಳು ಟಿಪ್ಪುವಿನ ಆಶ್ರಯ ಬಯಸಿದ್ದರಿಂದ ಅವು ಮೈಸೂರಿಗೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪೆನಿಯ ಕೈಗೆ ಬಂದು, ಮಂಗಳೂರಿನಿಂದ ಆಳಲ್ಪಟ್ಟವು. ದಕ್ಷಿಣ ಕನ್ನಡದ ಕಲೆಕ್ಟರರ ಪರವಾಗಿ ಅಮಿನಿಯಲ್ಲಿ ಮೊನೆಗಾರನೆಂಬ ಅಧಿಕಾರಿ ಕುಳಿತಿರುತ್ತಿದ್ದ. ದ್ವೀಪದ ಓಡಂಗಳು ತೆಂಗಿನ ನಾರಿನ ಹುರಿಯನ್ನು ಹೊತ್ತು ಮಂಗಳೂರಿನ ಬಂದರಿಗೆ ಬಂದು ಅಕ್ಕಿ ಕೊಂಡೊಯ್ಯುತ್ತಿದ್ದವು. ಬಳಿಕ 1956ರ ರಾಜ್ಯ ಪುನರ್ವಿಂಗಡಣಾ ಅಧಿನಿಯಮ ಬಂತು. ಅದರ ಐದನೆಯ ಕಲಮು ಕಾಸರಗೋಡು ತಾಲೂಕನ್ನು ದಕ್ಷಿಣ ಕನ್ನಡದಿಂದ ಬಿಡಿಸಿ ಕೇರಳಕ್ಕೆ ಸೇರಿಸಿತು. ಆರನೆಯ ಕಲಮು ಅಮೀನ್‌ದಿವಿ ದ್ವೀಪಗಳನ್ನು ಅದೇ ಜಿಲ್ಲೆಯಿಂದ ಬಿಡಿಸಿ ಕೇಂದ್ರಾಡಳಿತಕ್ಕೆ ಒಪ್ಪಿಸಿತು. ಅದೇ ನವೆಂಬರ್ 1, ಅದೇ ತಾಯಿಜಿಲ್ಲೆ, ಅಕ್ಕಪಕ್ಕದ ಎರಡು ಕಲಮು. ನಮ್ಮವರು ತಮ್ಮ ಕಲಮನ್ನು ಇಂದಿಗೂ ಮರೆತಿಲ್ಲ. ಪಕ್ಕದ ಕಲಮನ್ನು ಓದಿದವರು ಕಡಿಮೆ.

ಇಂದು ಹೋಗುವುದಾದರೆ ಕೊಚ್ಚಿಯಿಂದ ಹಡಗು. ಅದಕ್ಕೂ ಮುಂಚೆ ಪ್ರವೇಶಪತ್ರ. ದ್ವೀಪಗಳಿಗೆ ಹೊರಗಿನವರ ಪ್ರವೇಶವನ್ನು 1967ರ ನಿಯಮಗಳು ನಿರ್ಬಂಧಿಸಿವೆ. ಹಡಗು ಹವಳದ ದಿಬ್ಬದ ಹೊರಗೆ ಆಳ ನೀರಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಗೆ ಇಳಿಯುವಾಗ ತೆರೆಯ ಏರಿಳಿತಕ್ಕೆ ಕಾಲು ಹೊಂದಿಸಿಕೊಳ್ಳುವುದೇ ಒಂದು ವಿದ್ಯೆ. ಯಜಮಾನರ ಚಪ್ಪಲಿಯೊಂದು ಅರಬಿ ಕಡಲಿನ ಪಾಲಾಯಿತು.

ಕಡಮತ್ತಿನ ಉದ್ದ ಸುಮಾರು ಒಂಬತ್ತು ಕಿಲೋಮೀಟರು. ಅಗಲವಾದ ಕಡೆಯಲ್ಲಿಯೂ ಅರ್ಧ ಕಿಲೋಮೀಟರಿನ ಆಸುಪಾಸು. ದ್ವೀಪದ ಅಡ್ಡಕ್ಕೆ ನಡೆಯಲು ಒಂದು ಎಲೆಯಡಿಕೆ ಜಗಿದು ಮುಗಿಸುವ ಹೊತ್ತೂ ಬೇಡ. 2011ರ ಜನಗಣತಿಯಲ್ಲಿ ಐದು ಸಾವಿರದ ನಾನೂರು ಜನ. ತೆಂಗು, ದೀವಿಹಲಸು, ಬಿಳಿಯ ಮರಳಿನ ದಾರಿ, ಮಂಗಳೂರು ಹೆಂಚಿನ ಕೆಲವು ಹಳೆಯ ಮಾಡುಗಳು. ಮಾತು ಜೆಸರಿ, ಮಲಯಾಳದ ಹಳೆಯ ತಂಗಿಯೆನ್ನಬಹುದಾದ ನುಡಿ. ಕಾಸರಗೋಡಿನ ಕಿವಿಗೆ ಅದು ಅರ್ಧ ತಿಳಿಯುತ್ತದೆ, ಉಳಿದರ್ಧವನ್ನು ನಗು ತುಂಬಿಸುತ್ತದೆ. ಊರು ಯಾವುದೆಂದು ಕೇಳಿದ ಮುದುಕರೊಬ್ಬರು ಮಂಗಳೂರಿನ ಹತ್ತಿರವೆಂದು ತಿಳಿದೊಡನೆ ಬಂದರಿನ ಅಕ್ಕಿಯ ವಖಾರಿಯ ಮಾತೆತ್ತಿದರು. ಕಂಡದ್ದಲ್ಲ, ತಂದೆ ಹೇಳಿದ್ದು.

ಪಡುವಣ ಬದಿಯಲ್ಲಿ ಲಗೂನು. ದೂರದಲ್ಲಿ ಹವಳದ ದಿಬ್ಬ ಬೆಳ್ಳಗೆ ನೊರೆಯ ಗೆರೆ ಎಳೆದಿರುತ್ತದೆ; ಹೊರಗಿನ ಸಾಗರದ ಅಬ್ಬರವೆಲ್ಲ ಆ ಗೆರೆಯಲ್ಲಿ ಮುಗಿಯುತ್ತದೆ. ಒಳಗೆ ಕೆರೆಯಂತೆ ಶಾಂತವಾದ, ಕಾಲ ಬೆರಳಿನ ಉಗುರು ಎಣಿಸಬಹುದಾದ ನೀರು. ದೋಣಿ ನಡೆಸುವ ತರುಣ ಯಜಮಾನರನ್ನು ಹವಳದ ಗುಡ್ಡೆಗಳ ಕಡೆಗೆ, ಬಣ್ಣದ ಮೀನುಗಳ ಕಡೆಗೆ ಒಯ್ಯಲು ಹೊರಟ. ಬಂದವರೆಲ್ಲ ಕೇಳುವುದು ಅದನ್ನೇ. ಇವರು ಬರಿಯ ಮರಳು ತೋರಿಸೆಂದರು. ಅವನಿಗೆ ಅರ್ಥವಾಗಲಿಲ್ಲ, ಎದೆಮಟ್ಟದ ನೀರಿನಲ್ಲಿ ಏನೂ ಇಲ್ಲದ ಕಡೆ ಇಳಿಸಿ, ತಾನು ದೋಣಿಯಲ್ಲಿ ಒರಗಿದ.

ಮುಖಕ್ಕೆ ಗಾಜು ಕಟ್ಟಿಕೊಂಡು, ಕೊಳವೆಯಿಂದ ಉಸಿರಾಡುತ್ತ ನೀರಿನ ಮೇಲೆ ಬೋರಲಾಗಿ ತೇಲಿದರೆ ಮೊದಲಿಗೆ ಕಾಣುವುದು ನಿಜಕ್ಕೂ ಏನೂ ಇಲ್ಲ. ಮರಳು, ಮರಳಿನ ಮೇಲೆ ಬಿಸಿಲಿನ ಬಲೆ. ಐದು ನಿಮಿಷ ಕಳೆದ ಮೇಲೆ ಬಲೆಯ ಕೆಳಗೊಂದು ಚುಕ್ಕೆ ಅಲುಗುತ್ತದೆ. ಮಾಸಲು ಮರಳಿನ ಬಣ್ಣದ ಗೋಬಿ. ಕುಂಬಳೆಯದರ ದೂರದ ನೆಂಟ. ಮುಂದಿನ ರೆಕ್ಕೆಗಳ ಮೇಲೆ ಮೊಣಕೈಯೂರಿದಂತೆ ಕುಳಿತಿದೆ, ಬಾಲ ಬಿಲದೊಳಗೆ. ಹತ್ತು ನಿಮಿಷಕ್ಕೆ ಸೀಗಡಿ ಹೊರಗೆ ಬಂತು. ಒಂದು ಹೊರೆ ಮರಳನ್ನು ದಬ್ಬಿತು, ಮೀಸೆಯನ್ನು ಗೋಬಿಯ ಮೈಗೆ ತಾಗಿಸಿತು, ಹಿಂದೆ ಸರಿಯಿತು, ಮತ್ತೆ ಬಂತು. ಯಜಮಾನರು ಕಾಲನ್ನು ಸ್ವಲ್ಪ ಆಡಿಸಿದರು. ಬಾಲ ಕಂಪಿಸಿತು. ಮೀಸೆ ಒಳಗಾಯಿತು. ಇನ್ನೂ ಆಡಿಸಿದ್ದರೆ ಇಬ್ಬರೂ ಇರುತ್ತಿರಲಿಲ್ಲ, ಅವರು ಆಡಿಸಲಿಲ್ಲ.

ಅದೊಂದು ಬಿಲ ಕಂಡ ಮೇಲೆ ಕಣ್ಣು ಪಳಗಿತು. ಮನೆಯ ಅಂಗಳದಷ್ಟು ಜಾಗದಲ್ಲಿ ಏಳು ಬಿಲಗಳು. ಕೆಲವದರ ಬಾಯಲ್ಲಿ ಜೋಡಿ ಗೋಬಿಗಳು. ಮೂರಡಿ ತೊಟ್ಟಿಯಲ್ಲಿ ಒಂದು ವಿಶೇಷ ಪ್ರದರ್ಶನವಾಗಿದ್ದದ್ದು ಇಲ್ಲಿ ಒಂದು ಕೇರಿ. ತೊಟ್ಟಿಯ ಗೋಬಿ ಕಾಯುತ್ತಿದ್ದದ್ದು ಯಾರಿಂದ? ಅಲ್ಲಿ ಬೇಟೆಗಾರನೇ ಇರಲಿಲ್ಲ. ಮನೆಯವರ ನೆರಳಿಗೆ, ಬೀಸಣಿಗೆಯ ನೆರಳಿಗೆ ಅದು ಬಾಲವಾಡಿಸುತ್ತಿತ್ತು. ಇಲ್ಲಿ ಒಂದು ಹೊತ್ತಿಗೆ ಹಲ್ಲಿಮೀನೊಂದು ಮರಳಿನಲ್ಲಿ ಅರ್ಧ ಹೂತುಕೊಂಡು ಕಾದಿತ್ತು. ಏಳೂ ಬಿಲಗಳ ಬಾಯಿ ಬರಿದಾದವು. ಒಂದೂವರೆ ಗಂಟೆ ಕಳೆದ ಮೇಲೆ ತರುಣ ದೋಣಿಯಿಂದ ಕೂಗಿ, ಬೆನ್ನು ಸುಡುತ್ತಿದೆಯೆಂದು ನೆನಪಿಸಬೇಕಾಯಿತು. ಆ ರಾತ್ರಿ ಅವರು ಬೋರಲಾಗಿಯೇ ಮಲಗಿದರು.

ಮರುದಿನ ಹವಳದ ಗುಡ್ಡೆಗಳ ಕಡೆಗೂ ಹೋದರು. ಅಲ್ಲಿನ ಗೋಬಿಗಳು ಇನ್ನೂ ಚಿಕ್ಕವು. ಕವಲುಹವಳದ ರೆಂಬೆಗಳ ಸಂದಿಯಲ್ಲಿ ಬೆರಳಿನ ಗೆಣ್ಣಿನಷ್ಟು ಉದ್ದದ, ಹಳದಿ ಗುಂಡಿಯಂಥ ಗೋಬಿಗಳು ಜೀವಮಾನವೆಲ್ಲ ಒಂದೇ ಗಿಡದಲ್ಲಿ ಕಳೆಯಬಲ್ಲವು. ಇವು ಬಿಟ್ಟಿ ಬಾಡಿಗೆದಾರರಲ್ಲ. ಫಿಜಿಯ ದಿಬ್ಬಗಳಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಂತೆ, ವಿಷದ ಪಾಚಿಯೊಂದು ಹವಳಕ್ಕೆ ತಾಗಿದರೆ ಹವಳ ಹೊರಸೂಸುವ ರಾಸಾಯನಿಕದ ಕರೆಗೆ ಈ ಗೋಬಿಗಳು ಕೆಲವೇ ನಿಮಿಷಗಳಲ್ಲಿ ಓಡಿಬಂದು ಪಾಚಿಯನ್ನು ಕತ್ತರಿಸಿಹಾಕುತ್ತವೆ. ಇನ್ನೊಂದು ಕುಲದ ಪುಟ್ಟ ಗೋಬಿ ಆಸ್ಟ್ರೇಲಿಯದ ಮಹಾದಿಬ್ಬದಲ್ಲಿ ಹೆಚ್ಚೆಂದರೆ 59 ದಿನ ಬದುಕುತ್ತದೆ. ಬೆನ್ನೆಲುಬುಳ್ಳ ಜೀವಿಗಳಲ್ಲಿ ಅಷ್ಟು ಕಿರಿದಾದ ಆಯುಸ್ಸು ದಾಖಲಾದದ್ದು ಅದಕ್ಕೆ. ಹುಟ್ಟಿ, ಬೆಳೆದು, ಮೊಟ್ಟೆಯಿಟ್ಟು, ಬಹುಪಾಲು ಇನ್ನೊಂದು ಮೀನಿನ ಹೊಟ್ಟೆ ಸೇರುವುದು ಅವುಗಳ ಕತೆ. ದಿಬ್ಬದಲ್ಲಿ ತಿನ್ನಲ್ಪಡುವ ಮೀನಿನ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಇಂಥ ಮೂಲೆಸಂದಿಯ ಕಿರುಮೀನುಗಳದ್ದೇ ಎಂದು 2019ರ ಸಂಶೋಧನೆಯೊಂದು ಲೆಕ್ಕಹಾಕಿತು. ಪ್ರವಾಸಿಗಳ ಚಿತ್ರಗಳಲ್ಲಿ ಬರುವ ದೊಡ್ಡ ಮೀನುಗಳ ಅನ್ನ ಇವೇ.

ಆದರೆ ಯಜಮಾನರು ಇಣಿಕಿದ ಹವಳಗಳಲ್ಲಿ ಬಹಳಷ್ಟು ಬರಿಯ ಎಲುಬು. 1998, 2010, 2016, ಮತ್ತೆ 2024. ಕಡಲು ಕಾದ ಈ ವರ್ಷಗಳಲ್ಲಿ ಲಕ್ಷದ್ವೀಪದ ಹವಳಗಳು ಬಣ್ಣ ಕಳೆದುಕೊಂಡು ಬಿಳಿಚಿದವು. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ 1998ರಿಂದ ನಡೆದ ದೀರ್ಘಕಾಲದ ಸಮೀಕ್ಷೆಯಲ್ಲಿ ಜೀವಂತ ಹವಳದ ಹರಹು ಹೆಚ್ಚುಕಡಿಮೆ ಅರ್ಧಕ್ಕಿಳಿದಿರುವುದು ಕಂಡಿದೆ. ಕುಂಬಳೆಯ ಪಡಸಾಲೆಯಲ್ಲಿ 28 ಡಿಗ್ರಿ ದಾಟಿದರೆ ತಂಪುಯಂತ್ರ ಗುರ್ರೆಂದು ಎದ್ದೇಳುತ್ತದೆ. ಲಗೂನಿಗೆ ಅಂಥ ಯಂತ್ರವಿಲ್ಲ. ಸತ್ತ ರೆಂಬೆಗಳ ಮೇಲೆ ಪಾಚಿ ಬೆಳೆದಿತ್ತು. ಹಳದಿ ಗುಂಡಿಗಳು ಅಲ್ಲಿರಲಿಲ್ಲ.

ದಡದಲ್ಲಿ ಬೇಕಾದಷ್ಟು ಹವಳದ ತುಂಡುಗಳು ಬಿದ್ದಿರುತ್ತವೆ. ಬೆಳ್ಳಗೆ, ಹಗುರವಾಗಿ, ತೊಟ್ಟಿಯಲ್ಲಿಡಲು ಹೇಳಿಮಾಡಿಸಿದಂತೆ. ಯಜಮಾನರು ಒಂದನ್ನು ಎತ್ತಿಕೊಂಡರು. ಸ್ವಲ್ಪ ಹೊತ್ತು ತಿರುಗಿಸಿ ನೋಡಿ ಅಲ್ಲಿಯೇ ಇಟ್ಟರು. 2001ರಿಂದ ದಿಬ್ಬ ಕಟ್ಟುವ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿವೆ, ಹುಲಿ ಆನೆಗಳ ಸಾಲಿನಲ್ಲಿ. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳ ಲೆಕ್ಕ ಬದಲಾದರೂ ಹವಳದ ಸ್ಥಾನ ಬದಲಾಗಲಿಲ್ಲ. ಸತ್ತ ತುಂಡೂ ಕಾನೂನಿನ ಕಣ್ಣಿನಲ್ಲಿ ಆ ಪ್ರಾಣಿಯದೇ ಅವಶೇಷ. ಶಿಕ್ಷೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗಿನ ಸೆರೆ. ನಗರಗಳ ಅಲಂಕಾರದಂಗಡಿಗಳಲ್ಲಿ ಹವಳದ ತುಂಡು ಕೊಂಡು ಷೋಕೇಸಿನಲ್ಲಿಡುವ ಗೃಹಸ್ಥರು ಇದನ್ನು ಒಮ್ಮೆ ಓದುವುದು ಲೇಸು.

ಕಾನೂನಿನ ಈ ಬಿಗಿ ಮೆಚ್ಚತಕ್ಕದ್ದೇ. ಆದರೆ ಅದರಲ್ಲೊಂದು ಓರೆಯಿದೆ. ಮನೆಗೆ ರಕ್ಷಣೆ ಸಿಕ್ಕಿದೆ, ನಿವಾಸಿಗೆ ಸಿಕ್ಕಿಲ್ಲ. ಕವಲುಹವಳವನ್ನು ಮುಟ್ಟಿದರೆ ಅಪರಾಧ. ಅದರ ಸಂದಿಯ ಗೋಬಿಯ ಹೆಸರು ಅನುಸೂಚಿಯಲ್ಲಿಲ್ಲ. 2017ರಲ್ಲಿ ಕೇಂದ್ರ ಸರಕಾರ ಮೀನುತೊಟ್ಟಿಯ ಅಂಗಡಿಗಳಿಗೆಂದು ನಿಯಮಗಳನ್ನು ಹೊರಡಿಸಿತು. ವ್ಯಾಪಾರಿಗಳ ವಿರೋಧದ ಬಳಿಕ ಅವು ಹಿಂದೆ ಸರಿದವು. ಅಂಗಡಿಯಲ್ಲಿ ಗೋಬಿಗೆ ಬೆಲೆಯ ಚೀಟಿಯಿರುತ್ತದೆ, ಊರಿನ ಚೀಟಿಯಿರುವುದಿಲ್ಲ. ಒಂದು ಸೆಂಟ್ಸು ಜಾಗ ಕೊಳ್ಳುವಾಗ ಮೂವತ್ತು ವರ್ಷದ ಮೂಲಪತ್ರ ಕೇಳುವ ನಮ್ಮ ಜನ, ಜೀವವೊಂದನ್ನು ಕೊಳ್ಳುವಾಗ ಅದು ಯಾವ ದಿಬ್ಬದ್ದು, ಬಲೆಯಿಂದ ಬಂದದ್ದೋ ಸೈನೈಡ್ ಚಿಮ್ಮಿಸಿ ಮೂರ್ಛೆಗೊಳಿಸಿ ಹಿಡಿದದ್ದೋ ಎಂದು ಕೇಳುವುದಿಲ್ಲ. ಫಿಲಿಪ್ಪೀನ್ಸ್, ಇಂಡೊನೇಷ್ಯಗಳ ದಿಬ್ಬಗಳಲ್ಲಿ ಆ ಸೈನೈಡ್ ವಿದ್ಯೆ ದಶಕಗಳಿಂದ ನಡೆದುಬಂದಿದೆ. ಬೇರೆ ದಾರಿಯಿಲ್ಲದಿಲ್ಲ. ಕೆರಿಬಿಯನ್ ಕಡಲಿನ ನೀಲಿಗೆರೆಯ ಗೋಬಿಯನ್ನು ತೊಟ್ಟಿಯಲ್ಲಿಯೇ ಮರಿಮಾಡಿಸಿ ಮಾರುವುದು ಅಮೆರಿಕದಲ್ಲಿ ಬಹುಕಾಲದಿಂದ ರೂಢಿ. ನಮ್ಮಲ್ಲಿಯೂ ವಿಳಿಂಞಂ, ಮಂಡಪಂಗಳ ಕೇಂದ್ರೀಯ ಸಂಶೋಧನಾಲಯಗಳು ಕೋಡಂಗಿ ಮೀನುಗಳನ್ನು ಬೆಳೆಸಿವೆ. ಅಗತ್ತಿಯಲ್ಲಿ ದ್ವೀಪದ ಹೆಂಗಸರಿಗೆ ಅಲಂಕಾರದ ಸೀಗಡಿಗಳನ್ನು ಸಾಕಲು ಕಲಿಸಲಾಗಿದೆ. ಬಿಲ ತೋಡುವ ಸೀಗಡಿ ಮಾತ್ರ ಕುಂಬಳೆಯ ಯಜಮಾನರಿಗೆ ಅಂಥ ಮೂಲದಿಂದ ಎಲ್ಲಿಯೂ ಸಿಕ್ಕಿಲ್ಲ.

ಹಡಗು ಕೊಚ್ಚಿಗೆ ಬಂದಾಗ ಅವರ ಚೀಲದಲ್ಲಿ ಇದ್ದದ್ದು ದ್ವೀಪದ ತೆಂಗಿನ ಬೆಲ್ಲ, ಒಣಗಿಸಿದ ಸೂರೆಮೀನಿನ ಪೊಟ್ಟಣ, ಒಂದು ಜೊತೆ ಹೊಸ ಚಪ್ಪಲಿ. ರೈಲಿನಲ್ಲಿ ಕುಂಬಳೆ ತಲಪಿದ್ದು ಮುಂಜಾನೆ. ಗೋಬಿಗೆ ಮಗಳು ತಪ್ಪದೆ ಆಹಾರ ಹಾಕಿದ್ದಳು.

ಈಗ ಹಳೆಯ ತೊಟ್ಟಿಯ ಪಕ್ಕದಲ್ಲಿ ಎರಡಡಿಯ ಇನ್ನೊಂದು ತೊಟ್ಟಿಯಿದೆ. ತಾಮ್ರ ಕಾಣದ ಹೊಸ ಮರಳು, ಹೊಸದಾಗಿ ಎರಕ ಹೊಯ್ದ ಕಲ್ಲುಗಳು. ಗೋಬಿ ಜಿಗಿಯುವ ಮೀನಾದುದರಿಂದ ಬಾಯಿಗೆ ಬಲೆಯ ಮುಚ್ಚಳ. ಆರು ವಾರ ಮುಗಿದಿದೆ. ಪರೀಕ್ಷೆಯ ಕೊಳವೆಯಲ್ಲಿ ನೈಟ್ರೈಟ್ ಸೊನ್ನೆ ತೋರಿಸುತ್ತಿದೆ. ಸೀಗಡಿ ಬಂದ ದಿನ ಗೋಬಿಯನ್ನೂ ಅಲ್ಲಿಗೆ ದಾಟಿಸುವುದೆಂದು ಲೆಕ್ಕ. ಅದರ ಮೂಲ ಯಾವುದು, ಹಿಡಿದದ್ದು ಹೇಗೆ ಎಂದು ಯಜಮಾನರು ಕೊಚ್ಚಿಯ ಅಂಗಡಿಗೆ ಬರೆದು ಕೇಳಿದ್ದಾರೆ. ಅಲ್ಲಿಯವರೆಗೆ ಹಳೆಯ ತೊಟ್ಟಿಯಲ್ಲಿ, ಬಿಲ ಕುಸಿದ ಜಾಗದಲ್ಲಿ ಅರ್ಧ ಹೂತಿಟ್ಟ ಒಂದು ಗೇಣು ಪಿವಿಸಿ ಕೊಳವೆಯೇ ಗೋಬಿಯ ಮನೆ. ಹಗಲೆಲ್ಲ ಅದು ಕೊಳವೆಯ ಬಾಯಲ್ಲಿ ಬೆಳಕಿಗೆ ಮುಖಮಾಡಿ ಕೂರುತ್ತದೆ. ಬಾಲವನ್ನು ಮಾತ್ರ ಒಳಗೆ ಇಟ್ಟುಕೊಂಡಿರುತ್ತದೆ. ಕೊಚ್ಚಿಯಿಂದ ಉತ್ತರ ಇನ್ನೂ ಬಂದಿಲ್ಲ.